ತಾರಸಿ ಇಲ್ಲದವರ ಬಿಸಿಲು

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಮಾಮ ಕರೆಂಟ್ ಬಿಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಉಮ್ಮ ತಂದಿಟ್ಟ ಚಹಾ ಮುಟ್ಟುವ ಮೊದಲೇ ಬಿಲ್ಲನ್ನು ನನ್ನ ಮುಂದೆ ಹಿಡಿದು, "ನೀನು ಸೈನ್ಸ್ ಅಲ್ವಾ ಮೋನೆ? ಇದನ್ನೊಮ್ಮೆ ನೋಡು. ಕರೆಂಟ್ ಮಾರಿದವನು ನಾನು, ದುಡ್ಡು ಕಟ್ಟಬೇಕಾದವನೂ ನಾನಾ?" ಎಂದು ಕೇಳಿದರು.

ಅದರ ಹಿಂದಿನ ನವೆಂಬರಿನಲ್ಲಿ ಮಾಮ ತಮ್ಮ ಮನೆಯ ತಾರಸಿಯ ಮೇಲೆ 3 ಕಿಲೋವ್ಯಾಟ್‌ನ ಸೋಲಾರ್ ಹಾಕಿಸಿದ್ದರು. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಕ್ಕಿತ್ತು. ಉಳಿದದ್ದಕ್ಕೆ ಸಾಲ ಮಾಡಿದ್ದರು. ಪ್ಯಾನೆಲ್ ಹಾಕಿಕೊಟ್ಟವರು "ಇನ್ನು ತಿಂಗಳಿಗೆ ಸಾವಿರಾರು ರೂಪಾಯಿ ನಿಮಗೇ ಬರುತ್ತದೆ" ಎಂದು ಹೇಳಿ ಹೋಗಿದ್ದರಂತೆ. ಆದರೆ ಬಿಲ್ಲಿನಲ್ಲಿ ಮಾಮನಿಗೆ ಕಂಡದ್ದು ಸುಮಾರು 120 ರೂಪಾಯಿ ಜಮೆ. ಅದರ ಕೆಳಗೆ, ಅದಕ್ಕಿಂತ ದೊಡ್ಡದಾದ ನಿಗದಿತ ಶುಲ್ಕ. ಕೊನೆಗೆ ಕಟ್ಟಬೇಕಾದ ಮೊತ್ತ ಮಾಮನ ಹೆಸರಿಗೇ ಇತ್ತು.

ಆ ಬಿಲ್ಲನ್ನು ಬಿಡಿಸಿ ಓದಲು ನನಗೆ ಎರಡು ದಿನ ಬೇಕಾಯಿತು. ಓದುತ್ತಾ ಹೋದಂತೆ ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟು ಬೇರೆ ಕಡೆ ತಿರುಗಿತು. ಕೊನೆಗೆ ನಮ್ಮ ಕಾಲೇಜಿನ ತಾರಸಿಯ ಹತ್ತಿರ ಬಂದು ನಿಂತಿತು. ಆ ದಾರಿಯನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲು ಬಿಲ್ಲಿನ ವಿಷಯ. ಪ್ಯಾನೆಲ್ ಕೊಡುವುದು ನೇರ ವಿದ್ಯುತ್ತು. ಇನ್ವರ್ಟರ್ ಅದನ್ನು ಮನೆಯ ಉಪಕರಣಗಳಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಮಾಡುತ್ತದೆ. ಆ ಹೊತ್ತಿನಲ್ಲಿ ಫ್ಯಾನು, ಫ್ರಿಜ್ಜು, ಪಂಪು ಓಡುತ್ತಿದ್ದರೆ ಅವು ಅದನ್ನು ಬಳಸಿಕೊಳ್ಳುತ್ತವೆ. ಮಿಕ್ಕದ್ದು ಮೀಟರ್ ದಾಟಿ ಬೀದಿಯ ತಂತಿಗೆ ಹೋಗುತ್ತದೆ. ರಾತ್ರಿ ಬೇಕಾದದ್ದು ಅದೇ ತಂತಿಯಿಂದ ಮನೆಗೆ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಎರಡು ಬೇರೆ ಸಾಲಿನಲ್ಲಿ ಬರೆದಿಡುವ ಮೀಟರ್ ಒಂದಿರುತ್ತದೆ. ಬಿಲ್ಲಿನ ಅವಧಿ ಮುಗಿದಾಗ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಇದಕ್ಕೇ ನೆಟ್ ಮೀಟರಿಂಗ್ ಎನ್ನುವುದು.

ಆ ತಿಂಗಳು ಮಾಮನ ಪ್ಯಾನೆಲ್ 371 ಯೂನಿಟ್ ತಯಾರಿಸಿತ್ತು. ಅದರಲ್ಲಿ 232 ಯೂನಿಟ್ ಹೊರಗೆ ಹೋಗಿತ್ತು, ಮನೆಯಲ್ಲಿ ನೇರವಾಗಿ ಬಳಕೆಯಾದದ್ದು 139. ರಾತ್ರಿ ಹೊತ್ತು ಹೊರಗಿನಿಂದ ಬಂದದ್ದು 190. ಕಳೆದರೆ ಉಳಿಯುವುದು 42 ಯೂನಿಟ್. ಸಬ್ಸಿಡಿ ಪಡೆದ ಮನೆಗೆ ಈಗ ಸಿಗುವ ದರ ಯೂನಿಟ್‌ಗೆ 3 ರೂಪಾಯಿಗೂ ಕಡಿಮೆ. ಹಾಗಾಗಿ 120 ರೂಪಾಯಿ. ನಿಗದಿತ ಶುಲ್ಕವೋ, ಮಂಜೂರಾದ ಲೋಡ್‌ನ ಒಂದೊಂದು ಕಿಲೋವ್ಯಾಟ್‌ಗೂ ತಿಂಗಳಿಗೆ 100 ರೂಪಾಯಿಗಿಂತ ಹೆಚ್ಚು. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ಇರುವವರೆಗೆ ಅದನ್ನು ಕಟ್ಟಲೇಬೇಕು.

"ಹಾಗಾದರೆ ನನಗೆ ಲಾಭ ಎಲ್ಲಿಂದ ಬಂತು?" ಎಂದರು ಮಾಮ. ನಾನು ಇನ್ನೊಂದು ಲೆಕ್ಕ ತೋರಿಸಿದೆ. ಆ ತಿಂಗಳು ಅವರ ಮನೆ ಬಳಸಿದ್ದು ಒಟ್ಟು 329 ಯೂನಿಟ್. 200 ಯೂನಿಟ್ ದಾಟಿದ್ದರಿಂದ ಗೃಹಜ್ಯೋತಿ ಅವರಿಗಿಲ್ಲ. ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಹಿಡಿದರೂ 2,000 ರೂಪಾಯಿ ಆಗಬೇಕಿತ್ತು. ಆ 2,000 ಅವರ ಕಿಸೆಯಿಂದ ಹೋಗಲೇ ಇಲ್ಲ. ಬಂದ 120 ಕಣ್ಣಿಗೆ ಬಿತ್ತು, ಹೋಗದ 2,000 ಕಾಣಲಿಲ್ಲ. ಮಾಮ ಚಹಾ ಕುಡಿದರು. ಅಷ್ಟರಲ್ಲಿ ಅದು ತಣ್ಣಗಾಗಿತ್ತು.

ಆದರೂ ನನ್ನ ಸಿಟ್ಟು ಇಳಿದಿರಲಿಲ್ಲ. 6 ರೂಪಾಯಿಗೆ ಮಾರುವ ವಸ್ತುವನ್ನು 3 ರೂಪಾಯಿಗೂ ಕಡಿಮೆಗೆ ಕೊಳ್ಳುವುದು ಯಾವ ನ್ಯಾಯ? ಅದರಲ್ಲೂ ಹಿಂದೆ ಹೀಗಿರಲಿಲ್ಲ ಎಂದು ತಿಳಿದಾಗ ಸಿಟ್ಟು ಇನ್ನೂ ಹೆಚ್ಚಿತು. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿಯ ಸೋಲಾರಿಗೆ ನಿಗದಿಪಡಿಸಿದ್ದ ದರ ಯೂನಿಟ್‌ಗೆ 9 ರೂಪಾಯಿ 56 ಪೈಸೆ. ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ. ಒಪ್ಪಂದದ ಅವಧಿ 25 ವರ್ಷ. ಆಗ ಸಹಿ ಹಾಕಿದವರಿಗೆ ಇಂದಿಗೂ ಅದೇ ದರ. ತಡವಾಗಿ ಬಂದ ಮಾಮನಿಗೆ ಅದರ ಅರ್ಧವೂ ಇಲ್ಲ.

ಭೌತಶಾಸ್ತ್ರದ ಮೇಷ್ಟ್ರ ಬಳಿ ಇದನ್ನು ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಆ ಒಂಬತ್ತೂವರೆ ರೂಪಾಯಿ ಯಾರು ಕೊಡುತ್ತಾರೆ?"

ಕರೆಂಟ್ ಕಂಪನಿ ಎಂದೆ. "ಕಂಪನಿಗೆ ಎಲ್ಲಿಂದ ಬರುತ್ತದೆ?"

ಅಲ್ಲಿ ನಾನು ಸುಮ್ಮನಾದೆ. ಕಂಪನಿ ಕರೆಂಟ್ ಕೊಳ್ಳಲು ಮಾಡುವ ಖರ್ಚನ್ನೆಲ್ಲ ಲೆಕ್ಕ ಹಾಕಿಯೇ ಆಯೋಗ ನಮ್ಮೆಲ್ಲರ ದರ ನಿಗದಿ ಮಾಡುವುದು. ತಾರಸಿ ಇರುವವರಿಗೆ ಹೆಚ್ಚು ಕೊಟ್ಟರೆ ಅದು ತಾರಸಿ ಇಲ್ಲದವರ ಬಿಲ್ಲಿನಲ್ಲಿ ಬಂದು ಕೂರುತ್ತದೆ. 2013ರಲ್ಲಿ ಪ್ಯಾನೆಲ್ ತುಂಬಾ ದುಬಾರಿ. ಆ ದರ ಇಲ್ಲದಿದ್ದರೆ ಯಾರೂ ಹಾಕಿಸುತ್ತಿರಲಿಲ್ಲ. ಜರ್ಮನಿಯವರು 2000ನೇ ಇಸವಿಯಲ್ಲಿ ಕಾನೂನು ಮಾಡಿ ಇಪ್ಪತ್ತು ವರ್ಷ ಖಾತ್ರಿ ದರ ಕೊಟ್ಟದ್ದೂ ಇದಕ್ಕೇ. ಕೊಳ್ಳುವವರು ಹೆಚ್ಚಿದರು, ತಯಾರಿಕೆ ಹೆಚ್ಚಿತು, ಪ್ಯಾನೆಲ್ ಅಗ್ಗವಾಯಿತು. ಅಗ್ಗವಾದ ಮೇಲೆ ದರವೂ ಇಳಿಯಬೇಕಾದದ್ದೇ. ಜೊತೆಗೆ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ರಾಜ್ಯದಲ್ಲಿ ಸೋಲಾರ್ ಕರೆಂಟಿಗೆ ಬರವಿಲ್ಲ. ಎಲ್ಲರ ಮನೆಯಲ್ಲೂ ದೀಪ ಹತ್ತುವ ಸಂಜೆ ಏಳು ಗಂಟೆಗೆ ಮಾಮನ ಪ್ಯಾನೆಲ್ ಮಲಗಿರುತ್ತದೆ. ಮೀನು ರಾಶಿ ಬಿದ್ದ ದಿನ ಬಂಗುಡೆಗೆ ಒಂದು ದರ, ಬೋಟು ಹೋಗದ ದಿನ ಇನ್ನೊಂದು ದರ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಹೀಗೆ ಯೋಚಿಸುವಾಗ ನನಗೆ ಉಮ್ಮನ ಅಂಗಡಿ ನೆನಪಾಯಿತು.

ಉಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಎರಡು ಮೋಟಾರು ಮಿಷಿನು, ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಫ್ಯಾನು. ಮೇಲೆ ಶೀಟಿನ ಮಾಡು. ಮಾರ್ಚ್ ಬಂತೆಂದರೆ ಆ ಶೀಟು ಕಾದು ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ. ನಾವಿರುವುದೂ ಬಾಡಿಗೆ ಮನೆಯೇ. ಅಲ್ಲಿ ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುತ್ತದೆ, ಅದಕ್ಕೆ ನಾವು ಋಣಿಗಳು. ಆದರೆ ಅಂಗಡಿಯದು ವಾಣಿಜ್ಯ ಮೀಟರ್, ಅಲ್ಲಿ ಉಚಿತವಿಲ್ಲ. ಉಮ್ಮ ಮಿಷಿನು ಓಡಿಸುವುದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಸೋಲಾರ್ ಪ್ಯಾನೆಲ್ ಕೆಲಸ ಮಾಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ತಾನು ತಯಾರಿಸಿದ್ದನ್ನು ಮಾರದೆ ಅಲ್ಲೇ ಬಳಸಿದರೇ ಹೆಚ್ಚು ಲಾಭ ಎಂದು ಮಾಮನ ಬಿಲ್ಲು ಹೇಳಿತ್ತಲ್ಲ, ಅದಕ್ಕೆ ಇಂಥ ಅಂಗಡಿಗಿಂತ ಒಳ್ಳೆಯ ಜಾಗ ಬೇಕೇ? ಆದರೆ ಮಾಡು ಕಟ್ಟಡದ ಮಾಲೀಕರದು. ನಾಳೆ ಅಂಗಡಿ ಬಿಡಿ ಎಂದರೆ ಬಿಡಬೇಕು. 25 ವರ್ಷ ಬಾಳುವ ಪ್ಯಾನೆಲನ್ನು 11 ತಿಂಗಳ ಬಾಡಿಗೆ ಕರಾರಿನ ಮೇಲೆ ಯಾರು ಹಾಕಿಸುತ್ತಾರೆ? ಬಿಸಿಲಿನ ಬಿಸಿ ಉಮ್ಮನಿಗೆ, ಬಿಸಿಲಿನ ಕರೆಂಟು ಮಾತ್ರ ಅವರಿಗಿಲ್ಲ.

ಬಿಸಿಲು ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆ. ಅದಕ್ಕೆ ಹಣ ಸಿಗುವುದು ಮಾತ್ರ ಸ್ವಂತ ತಾರಸಿ ಇರುವವರಿಗೆ. ನನ್ನ ಸಿಟ್ಟು ತಿರುಗಿದ್ದು ಇಲ್ಲಿ.

ಇದು ನಮ್ಮ ಓಣಿಯ ಕಥೆ ಮಾತ್ರವಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ದೊಡ್ಡ ಸೋಲಾರ್ ಪಾರ್ಕ್ ಇದೆ. ಸುಮಾರು 13,000 ಎಕರೆ ಜಾಗ. ಅಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಬರದ ನಾಡಿನಲ್ಲಿ ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದವರಿಗೆ ಇದು ನಿಜಕ್ಕೂ ಆಸರೆ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿ ಇಲ್ಲದ ಜನರಿಗೆ ಗೇಣಿ ಎಲ್ಲಿಂದ ಬರಬೇಕು? ಹೊಲವೂ ಹೋಯಿತು, ಹೊಲದ ಕೂಲಿಯೂ ಹೋಯಿತು. ಅಲ್ಲಿ ಭೂಮಿ ಇಲ್ಲದವರು, ಇಲ್ಲಿ ತಾರಸಿ ಇಲ್ಲದವರು.

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ದೆಹಲಿಯ ವಿದ್ಯುತ್ ಆಯೋಗ 2019ರಲ್ಲೇ ವರ್ಚುವಲ್ ನೆಟ್ ಮೀಟರಿಂಗ್ ಎಂಬ ವ್ಯವಸ್ಥೆಗೆ ನಿಯಮ ಮಾಡಿತು. ಹೆಸರು ಉದ್ದ, ವಿಷಯ ಸರಳ. ಹಲವರು ಸೇರಿ ಒಂದು ಕಡೆ ಪ್ಯಾನೆಲ್ ಹಾಕುತ್ತಾರೆ. ಅದು ತಯಾರಿಸಿದ ಯೂನಿಟ್‌ಗಳನ್ನು ಪಾಲಿನ ಪ್ರಕಾರ ಅವರವರ ಬಿಲ್ಲಿನಲ್ಲಿ ಕಳೆಯುತ್ತಾರೆ. ಪ್ಯಾನೆಲ್ ತನ್ನ ತಲೆಯ ಮೇಲೇ ಇರಬೇಕೆಂದಿಲ್ಲ. ಕೇಂದ್ರದ ಯೋಜನೆಯಲ್ಲೂ ಅಪಾರ್ಟ್‌ಮೆಂಟ್ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಲಿಫ್ಟು, ಪಂಪು, ಮೆಟ್ಟಿಲ ದೀಪ ಇದರಲ್ಲಿ ಓಡಬಹುದು. ಅಂದರೆ ಒಬ್ಬರ ತಾರಸಿ ಎಂಬ ಲೆಕ್ಕದಿಂದ ಹತ್ತು ಜನರ ತಾರಸಿ ಎಂಬ ಲೆಕ್ಕಕ್ಕೆ ಹೋಗುವುದು ಸಾಧ್ಯ. ಬಿಡಿ ಮನೆಗೆ ಕೊಡುವ ದರ ಇನ್ನೊಂದು ರೂಪಾಯಿ ಹೆಚ್ಚಾಗಲಿ ಎಂದು ಕೂಗುವುದಕ್ಕಿಂತ, ತಾರಸಿ ಇಲ್ಲದವರಿಗೂ ಪಾಲು ಸಿಗುವ ಇಂಥ ದಾರಿ ಎಲ್ಲ ಕಡೆ ಸುಲಭವಾಗಲಿ ಎಂದು ಕೇಳುವುದು ಹೆಚ್ಚು ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಆದರೆ ಸರ್ಕಾರ ಮಾಡಲಿ ಎಂದು ಕಾಯುತ್ತಾ ಕೂರುವ ಮೊದಲು ನಮ್ಮದೇ ಆದ ಒಂದು ತಾರಸಿ ಇದೆ. ದಿನಾ ಅದರ ಕೆಳಗೆ ಕೂತು ಪಾಠ ಕೇಳುತ್ತೇವೆ.

ಕಾಲೇಜಿನ ಕಚೇರಿಯಲ್ಲಿ ಕೇಳಿಕೊಂಡು ಒಂದು ವರ್ಷದ ಬಿಲ್ಲುಗಳನ್ನು ನೋಡಿದೆ. ತರಗತಿ ನಡೆಯುವ ತಿಂಗಳುಗಳಲ್ಲಿ ಸರಾಸರಿ 1,900 ಯೂನಿಟ್. ರಜೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ 600ರ ಸುಮಾರಿಗೆ. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್, ಮಳೆಗಾಲದ ಮೋಡವನ್ನೆಲ್ಲ ಹಿಡಿದು ವರ್ಷಕ್ಕೆ 1,400 ಯೂನಿಟ್ ಕೊಡುತ್ತದೆ ಎಂದು ಇಟ್ಟುಕೊಳ್ಳೋಣ. 15 ಕಿಲೋವ್ಯಾಟ್ ಹಾಕಿದರೆ ವರ್ಷಕ್ಕೆ 21,000 ಯೂನಿಟ್. ಬೇಕಾಗುವ ಜಾಗ ಸುಮಾರು 1,500 ಚದರ ಅಡಿ. ನೀರಿನ ಟ್ಯಾಂಕಿನ ಪಕ್ಕದಿಂದ ಲ್ಯಾಬಿನ ಮೇಲಿನವರೆಗೆ ಅಷ್ಟು ಜಾಗ ಖಾಲಿ ಇದೆ, ಮುರಿದ ಬೆಂಚುಗಳನ್ನು ತೆಗೆದರೆ.

ರಜೆಯ ಎರಡು ತಿಂಗಳಲ್ಲಿ ತಯಾರಾಗುವ ಸುಮಾರು 3,700 ಯೂನಿಟ್‌ನಲ್ಲಿ ನಮ್ಮ ಬಳಕೆ 1,200. ಮಿಕ್ಕ 2,500 ಯೂನಿಟ್ ಮಾರಾಟಕ್ಕೆ. 3 ರೂಪಾಯಿಯಂತೆ 7,500 ರೂಪಾಯಿ. ಉಳಿದ 18,500 ಯೂನಿಟ್ ನಮ್ಮದೇ ಬಳಕೆಗೆ. ಅಷ್ಟನ್ನು ಕೊಳ್ಳಬೇಕಾಗಿದ್ದರೆ ಯೂನಿಟ್‌ಗೆ 7 ರೂಪಾಯಿ ಹಿಡಿದರೂ 1,29,500 ರೂಪಾಯಿ. ಎರಡೂ ಸೇರಿ ವರ್ಷಕ್ಕೆ 1,37,000. ಕಿಲೋವ್ಯಾಟ್‌ಗೆ 50,000 ಖರ್ಚೆಂದರೆ ಒಟ್ಟು ಖರ್ಚು ಏಳೂವರೆ ಲಕ್ಷ. ಐದೂವರೆ ವರ್ಷಕ್ಕೆ ಹಾಕಿದ ಹಣ ವಾಪಸು. ಇದು ವಿದ್ಯಾರ್ಥಿಯೊಬ್ಬನ ಅಂದಾಜು ಲೆಕ್ಕ, ಎಂಜಿನಿಯರದಲ್ಲ. ಮಂಜೂರಾದ ಲೋಡ್ ಎಷ್ಟಿದೆ, ತಾರಸಿ ಭಾರ ತಡೆಯುತ್ತದೆಯೇ ಎಂಬುದನ್ನೆಲ್ಲ ತಿಳಿದವರು ನೋಡಬೇಕು. ಸಂಖ್ಯೆ ಸ್ವಲ್ಪ ಆಚೀಚೆ ಆದೀತು, ಒಟ್ಟು ಮಾತು ಬದಲಾಗದು.

ಏಳೂವರೆ ಲಕ್ಷ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬರುತ್ತದೆ. ಮನೆಗಳಿಗೆ ಸಿಗುವ ಸಬ್ಸಿಡಿ ಕಾಲೇಜಿಗೆ ಸಿಗದು. ಆದರೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ 75 ಮಂದಿ ತಲಾ 10,000 ಕೊಟ್ಟರೆ ಆ ಮೊತ್ತ ಆಗುತ್ತದೆ. ಗಲ್ಫ್‌ನಲ್ಲಿ ದುಡಿಯುವ ಅಣ್ಣಂದಿರೇ ಎಷ್ಟೊಂದು ಮಂದಿ ಇದ್ದಾರೆ. ಗೇಟು ಕಟ್ಟಿಸಿದವರು, ನೀರಿನ ಕೂಲರ್ ಕೊಟ್ಟವರು ಅವರೇ. ಕೂಲರ್ ಕರೆಂಟ್ ತಿನ್ನುತ್ತದೆ, ಇದು ಕರೆಂಟ್ ಕೊಡುತ್ತದೆ.

ಈಗ ಮುಖ್ಯ ಮಾತು. ಹೀಗೆ ಉಳಿಯುವ ಹಣ ಯಾರದು? ಅದು ಕಾಲೇಜಿನ ಸಾಮಾನ್ಯ ಖರ್ಚಿನಲ್ಲಿ ಕರಗಿ ಹೋಗುವುದಾದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ.

ಕಳೆದ ವರ್ಷ ಫಸ್ಟ್ ಪಿಯುನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬ ದಸರಾ ರಜೆಯ ನಂತರ ಬರಲೇ ಇಲ್ಲ. ಎರಡನೇ ಕಂತಿನ ಫೀಸು ಬಾಕಿ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಮೇಷ್ಟ್ರುಗಳಿಗೂ ಹೇಳಿರಲಿಲ್ಲ. ಹೇಳಿದ್ದರೆ ಏನಾದರೂ ದಾರಿ ಆಗುತ್ತಿತ್ತು ಎಂದು ಎಲ್ಲರೂ ಆಮೇಲೆ ಅಂದರು. ಈಗ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತಾನೆ. ಗಣಿತದಲ್ಲಿ ನನಗಿಂತ ಚುರುಕು. ಕೇಳಲು ನಾಚಿಕೆಪಡುವ ಇಂಥವರಿಗಾಗಿ ಒಂದು ನಿಧಿ ಇರಬೇಕು. ಅದು ಯಾರೋ ಒಬ್ಬರ ದಾನ ಎಂದು ಅನಿಸಬಾರದು. ತಾರಸಿಯ ಮೇಲೆ ಬಿದ್ದ ಬಿಸಿಲಿನಲ್ಲಿ ತನ್ನ ಪಾಲು ಎಂದು ತಲೆಯೆತ್ತಿ ಪಡೆಯುವಂತಿರಬೇಕು. ಆ 1,37,000ದಲ್ಲಿ ಪ್ಯಾನೆಲ್ ತೊಳೆಯುವುದಕ್ಕೆ, ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಇನ್ವರ್ಟರ್ ಬದಲಿಸುವುದಕ್ಕೆ ಎಂದು ಒಂದು ಭಾಗ ತೆಗೆದಿಟ್ಟು ಉಳಿದದ್ದೆಲ್ಲ ಆ ನಿಧಿಗೆ ಹೋಗಲಿ. ಹಣ ಕೊಡುವ ಹಳೆಯ ವಿದ್ಯಾರ್ಥಿಗಳೂ ಇದೇ ಷರತ್ತಿನ ಮೇಲೆ ಕೊಡಲಿ.

ವಿರೋಧದ ಮಾತುಗಳನ್ನೂ ಕೇಳಿದ್ದೇನೆ. "ಕರೆಂಟ್ ಹೋದಾಗ ಇದೂ ಹೋಗುತ್ತದಂತೆ, ಮತ್ತೆ ಏನು ಪ್ರಯೋಜನ?" ಎಂದು ಗೆಳೆಯರು ಕೇಳಿದರು. ನಿಜ, ಬ್ಯಾಟರಿ ಇಲ್ಲದ ಈ ಬಗೆಯ ಸೋಲಾರ್ ಬೀದಿಯಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಅದು ದೋಷವಲ್ಲ. ಕಂಬ ಹತ್ತಿ ತಂತಿ ಸರಿಮಾಡುತ್ತಿರುವ ಲೈನ್‌ಮನ್ನಿಗೆ ನಮ್ಮ ತಾರಸಿಯಿಂದ ಹೋದ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿರುವುದು. ಪ್ರಾಕ್ಟಿಕಲ್ ಹೊತ್ತಿಗೆ ಈಗಿರುವ ಬ್ಯಾಟರಿ ಇನ್ವರ್ಟರ್ ಇದ್ದೇ ಇರುತ್ತದೆ.

"ಜೂನ್, ಜುಲೈನಲ್ಲಿ ಬಿಸಿಲೇ ಇರುವುದಿಲ್ಲವಲ್ಲ" ಎಂಬ ಮಾತೂ ಬಂತು. ಆ ತಿಂಗಳುಗಳಲ್ಲಿ ಕಡಿಮೆ ಬರುತ್ತದೆ, ನಿಜ. ಅದಕ್ಕೇ ದಿನದ ಲೆಕ್ಕ ಹಿಡಿಯದೆ ವರ್ಷದ ಲೆಕ್ಕ ಹಿಡಿದದ್ದು. "ನೋಡಿಕೊಳ್ಳುವವರು ಯಾರು?" ಎಂಬುದು ಮಾತ್ರ ಗಟ್ಟಿ ಪ್ರಶ್ನೆ. ಧೂಳು, ಕಾಗೆಯ ಹಿಕ್ಕೆ, ತೆಂಗಿನ ಗರಿಯ ನೆರಳು, ಇವೆಲ್ಲ ಯೂನಿಟ್ ತಿನ್ನುತ್ತವೆ. ಎಷ್ಟೋ ಕಟ್ಟಡಗಳ ಮೇಲೆ ಉದ್ಘಾಟನೆಯ ದಿನ ಹೊಳೆದ ಪ್ಯಾನೆಲ್ ಆಮೇಲೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ.

ಅದಕ್ಕೆ ಉತ್ತರ ನಾವೇ. ಸೈನ್ಸ್ ವಿಭಾಗದವರು ವಾರಕ್ಕೊಮ್ಮೆ ಮೀಟರ್ ಓದಿ ಬರೆದಿಡಬಹುದು. ಇಳಿಕೆ ಕಂಡರೆ ಏಕೆಂದು ಹುಡುಕಬಹುದು. ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ? ಕಾಮರ್ಸ್ ವಿಭಾಗದವರು ಬಿಲ್ಲು ನೋಡಿ ಎಷ್ಟು ಉಳಿಯಿತು, ಎಷ್ಟು ಮಾರಾಟವಾಯಿತು, ನಿಧಿಗೆ ಎಷ್ಟು ಸೇರಿತು ಎಂದು ಪ್ರತಿ ತಿಂಗಳು ಲೆಕ್ಕ ಬರೆಯಬಹುದು. ಆರ್ಟ್ಸ್ ವಿಭಾಗದವರು ಅದನ್ನು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕಬಹುದು. ಮಾಮನಿಗೆ ಅರ್ಥವಾಗದ ಬಿಲ್ಲು ನಮ್ಮಲ್ಲಿ ಯಾರಿಗೂ ಅರ್ಥವಾಗದೆ ಉಳಿಯಬಾರದು. ಲೆಕ್ಕ ಕಣ್ಣಮುಂದೆ ಇದ್ದರೆ ಹಣ ದಾರಿ ತಪ್ಪುವುದಿಲ್ಲ. ನಿಧಿಯಿಂದ ಪಡೆದವರ ಹೆಸರನ್ನು ಮಾತ್ರ ಬೋರ್ಡಿಗೆ ಹಾಕಬಾರದು.

ಪ್ರಾಂಶುಪಾಲರಿಗೂ ಆಡಳಿತ ಮಂಡಳಿಗೂ ನನ್ನದೊಂದು ವಿನಂತಿ. ಒಮ್ಮೆಲೇ 15 ಕಿಲೋವ್ಯಾಟ್ ಕಷ್ಟವಾದರೆ 5ರಿಂದ ಶುರುಮಾಡಿ. ಮುಂದಿನ ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಕೊಡಿ. ಲೆಕ್ಕದ ಹಾಳೆಯನ್ನು ನಾನು ತರುತ್ತೇನೆ. ನನ್ನ ಜೊತೆ ಇದನ್ನು ತಿದ್ದಲು ಗಣಿತ ಬಲ್ಲ ಒಬ್ಬ ಗೆಳೆಯ ಬೇಕು. ಮೊಬೈಲ್ ಅಂಗಡಿಗೆ ಹೋಗಿ ಅವನನ್ನು ಕೇಳುವುದೆಂದು ಇದ್ದೇನೆ.

ನಾನು ಈ ಕಾಲೇಜಿನಲ್ಲಿ ಇರುವುದು ಇನ್ನು ಕೆಲವೇ ತಿಂಗಳು. ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೊರಡುತ್ತೇವೆ. ಏಪ್ರಿಲ್‌ನಲ್ಲಿ ತರಗತಿಗಳು ಬೀಗ ಹಾಕಿಕೊಂಡಿರುತ್ತವೆ. ವರ್ಷದ ಅತ್ಯಂತ ಗಟ್ಟಿ ಬಿಸಿಲು ಬೀಳುವುದು ಆಗಲೇ, ಮುರಿದ ಬೆಂಚುಗಳ ಮೇಲೆ. ಆ ಬಿಸಿಲಿಗೆ ಈಗ ಲೆಕ್ಕವಿಲ್ಲ. ನಮ್ಮ ನಂತರ ಬರುವವರ ಕಾಲಕ್ಕಾದರೂ ಇರಲಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ